ಪಂಚೆ ಒಣಗಾಕ್ದಂಗದೆ

"ನೀರು ಬೀಳ್ತಾ ಇಲ್ಲ ಕಣಪ್ಪ, ಪಂಚೆ ಒಣಗಾಕ್ದಂಗದೆ."

ಭಾನುವಾರ ಗಗನಚುಕ್ಕಿ ಎದುರು ಜೋಳ ಸುಡುತ್ತಿದ್ದ ಅಜ್ಜಿಯ ಮಾತು ಇನ್ನೂ ಕಿವಿಯಲ್ಲಿದೆ. ಆಯಿಲ್ ಪೇಂಟಿನಲ್ಲಿ ಜಲಪಾತ ಬರೆಯುತ್ತಿದ್ದ ಹುಡುಗನಿಗೆ ಅಲ್ಲಿಯವರೆಗೆ ಬಂದವರೆಲ್ಲ 'ಸೂಪರ್' ಅಂದು ಸೆಲ್ಫಿ ತೆಗೆದುಕೊಂಡು ಹೋಗಿದ್ದರು. ಚಿತ್ರವನ್ನು ನೋಡಿದ್ದು ಅಜ್ಜಿ ಮಾತ್ರ.

ಟೈಟಾನಿಯಂ ವೈಟ್ ಅನ್ನೋ ಅಪ್ಪಟ ಬಿಳಿ ಬಣ್ಣವನ್ನು ಟ್ಯೂಬಿನಿಂದ ಹಾಗೇ ತೆಗೆದು ಮೇಲಿಂದ ಕೆಳಗೆ ಒಂದೇ ಅಗಲಕ್ಕೆ ಎಳೆದಿದ್ದ. ಎರಡೂ ಅಂಚು ಕತ್ತರಿಸಿದಷ್ಟು ಚೂಪು. ಮೊಬೈಲ್ ಫೋಟೋ ನೋಡಿ ಕಲಿತ ಕೈ ಹೀಗೇ ಓಡುತ್ತದೆ. ಬಿಸಿಲಿನ ನೊರೆಯನ್ನು ಕ್ಯಾಮೆರಾ ಬರೀ ಬಿಳಿ ಮಾಡಿಬಿಡುತ್ತದೆ, ಕಣ್ಣಿಗೆ ಅಲ್ಲಿ ಹತ್ತು ಥರದ ಬೂದು ಕಾಣುತ್ತದೆ. ಫೋಟೋ ಕೊಟ್ಟು ಜಲಪಾತ ಬರೆಸುವ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿದೆ.

ಬರೆದಿದ್ದ ನೀರನ್ನೆಲ್ಲ ಬಣ್ಣ ಕೆರೆಯುವ ನೈಫಿನಿಂದ ಕೆರೆದು ಬಟ್ಟೆಯಲ್ಲಿ ಒರೆಸಿದ್ದಾಯಿತು. ಮೊದಲು ಬಂಡೆ, ನೀರು ಬೀಳುವ ಜಾಗದಲ್ಲೂ ಬಂಡೆಯೇ. ಬರ್ನ್ಟ್ ಅಂಬರ್ ಅನ್ನೋ ಕಡುಗಂದಿಗೆ ಅಲ್ಟ್ರಾಮರೀನ್ ನೀಲಿ ಸೇರಿಸಿ, ಬಣ್ಣ ತೆಳುಮಾಡುವ ಟರ್ಪೆಂಟೈನಿನಲ್ಲಿ ತೆಳ್ಳಗೆ ಹಚ್ಚಬೇಕು. ಲಿನ್ಸೀಡ್ (ಅಗಸೆ) ಎಣ್ಣೆ ಈಗಲೇ ಬೇಡ. ಕೆಳಗಿನ ಪದರದಲ್ಲಿ ಎಣ್ಣೆ ಜಾಸ್ತಿಯಾದರೆ ಮೇಲಿನದು ಮುಂದೆ ಬಿರುಕು ಬಿಡುತ್ತದೆ. ಆಮೇಲೆ ನೀರಿನ ನೆರಳು. ಬಿಳಿಗೆ ಬಂಡೆಯ ಬಣ್ಣವೇ ಚೂರು, ಜೊತೆಗೆ ಯೆಲ್ಲೋ ಓಕರ್ ಅನ್ನೋ ಮಣ್ಣುಹಳದಿ, ಮಳೆಗಾಲದ ಕಾವೇರಿಯಲ್ಲಿ ಮಣ್ಣಿರುತ್ತದಲ್ಲ. ಕಣ್ಣು ಅರೆಮುಚ್ಚಿದರೆ ಗೊತ್ತಾಗುತ್ತದೆ, ನೆರಳಲ್ಲಿರುವ ನೀರು ಆಕಾಶಕ್ಕಿಂತ ಮಬ್ಬು.

ನೆತ್ತಿಯಲ್ಲಿ ಬಾಗುವ ನೀರಿಗೆ ನೊರೆಯಿಲ್ಲ, ನುಣ್ಣನೆ ಹಸಿರುಗಂದು. ಬಂಡೆಗೆ ತಾಗಿ ಒಡೆದ ಮೇಲೇ ಬೆಳ್ಳಗಾಗುವುದು. ಅಲ್ಲಿಂದ ಬಿರುಸು ಕೂದಲಿನ ಚಪ್ಪಟೆ ಬ್ರಷ್ಷಿನ ಬಣ್ಣ ಒರೆಸಿಕೊಂಡು ಹಗುರಕ್ಕೆ ಸವರಬೇಕು, ಸಂದಿಯಲ್ಲಿ ಬಂಡೆ ಇಣುಕಬೇಕು. ಬುಡದಲ್ಲಿ ತುಂತುರು ಏಳುವ ಕಡೆ ಅಂಚೇ ಇರಕೂಡದು; ಬಣ್ಣ ಹಸಿಯಿರುವಾಗಲೇ ಒಣ ಬ್ರಷ್ ಅಡ್ಡಡ್ಡ ಆಡಿಸಿ ಅಳಿಸಬೇಕು. ಅಪ್ಪಟ ಬಿಳಿ ಕೊನೆಗೆ, ಐದಾರು ಕಡೆ, ಕಡಲೆಕಾಳಿನಷ್ಟು.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ ರವಿವರ್ಮನ ಚಿತ್ರಗಳ ಮುಂದೆ ನಿಂತು ಅಪ್ಪಟ ಬಿಳಿ ಎಲ್ಲಿದೆ ಅಂತ ಹುಡುಕಿ ನೋಡಿ. ಇದ್ದದ್ದನ್ನೆಲ್ಲ ತೀಡುವುದೇ ವಾಸ್ತವ ಶೈಲಿ ಅಂದುಕೊಂಡವರು ಬಹಳ. ಪಂಚೆಯ ಹಿಂದೆ ಏನೂ ಇಲ್ಲ, ನೀರಿನ ಹಿಂದೆ ಬಂಡೆ ಇದೆ. 1902ರಲ್ಲಿ ಶುರುವಾದ ಶಿವನಸಮುದ್ರದ ಪವರ್‌ಹೌಸಿಗೆ ನೀರು ತಿರುಗುವುದರಿಂದ ಬೇಸಿಗೆಯಲ್ಲಿ ಇಲ್ಲಿ ಬಂಡೆಯೇ ಹೆಚ್ಚು ಕಾಣುವುದು. ದಿನಾ ಅಲ್ಲೇ ಕೂರುವ ಅಜ್ಜಿ ಅದನ್ನೂ ನೋಡಿರುತ್ತಾರೆ.

ಬಿಳಿ ಒಣಗಲು ವಾರವಾದರೂ ಬೇಕು. ಹಸಿ ಕ್ಯಾನ್ವಾಸಿನ ನಾಲ್ಕು ಮೂಲೆಗೆ ಬೆಂಡಿನ ತುಂಡಿಟ್ಟು, ಮೇಲೆ ಖಾಲಿ ಕ್ಯಾನ್ವಾಸ್ ಮುಚ್ಚಿ, ದಾರ ಸುತ್ತಿ ಮಳವಳ್ಳಿ ಬಸ್ಸು ಹತ್ತಿಸಿದ್ದಾಯಿತು. ಎಡಗಡೆಯ ಅಂಚು ಇನ್ನೂ ಸ್ವಲ್ಪ ಚೂಪಾಗಿಯೇ ಇದೆ.