ಅಪ್ಪನ ಪಿಂಚಣಿ, ನನ್ನ ಲೆಕ್ಕ

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ್ ಆಗಿದ್ದವರು. ಈಗ ಬಾಗಲಕೋಟೆಯ ನವನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ನನ್ನ ಸಂಬಳ ಅವರ ಪಿಂಚಣಿಗಿಂತ ಜಾಸ್ತಿ. ಆದರೂ ರೊಕ್ಕದ ವಿಷಯದಲ್ಲಿ ನಮ್ಮ ಮನೆಯಲ್ಲಿ ನೆಮ್ಮದಿಯಾಗಿರುವವರು ಅವರೊಬ್ಬರೇ.

ಅವರ ಸ್ವಭಾವವೇ ಹಾಗೆ ಅಂತ ನೆಂಟರು ಹೇಳುತ್ತಾರೆ. ನನಗೆ ಹಾಗನಿಸುವುದಿಲ್ಲ. ಅಜ್ಜಿ ಗುಳೇದಗುಡ್ಡದಲ್ಲಿ ಖಣ ನೇಯುತ್ತಿದ್ದಳು. ಮಗ್ಗ ಆಡಿದ ವಾರ ಕೂಲಿ, ನಿಂತ ವಾರ ಸಾಲ. ಕಣ್ಣು ಮಂಜಾದ ಮೇಲೆ ಎಲೆ ಅಡಿಕೆಗೂ ಮಗನ ಮುಖ ನೋಡಬೇಕಾಯಿತು. ಅದನ್ನು ಕಂಡ ಅಪ್ಪನಿಗೆ ತಿಂಗಳು ತಿಂಗಳು ತನ್ನ ಹೆಸರಿಗೇ ರೊಕ್ಕ ಬರುವುದು ದೊಡ್ಡ ಮಾತು. ಕೊನೆಯ ಮೂಲ ವೇತನದ ಅರ್ಧ, ಮೇಲೆ ಬೆಲೆಯ ಜೊತೆ ಏರುವ ತುಟ್ಟಿಭತ್ಯೆ. ತಾವು ಹೋದರೂ ಅವ್ವನಿಗೆ ಕುಟುಂಬ ಪಿಂಚಣಿ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗುವಾಗ ಇಸ್ತ್ರಿ ಅಂಗಿಯೇ ಬೇಕು ಅವರಿಗೆ!

ನಾನು ಹೈಸ್ಕೂಲ್ ಶಿಕ್ಷಕಿಯಾಗಿ ಸೇರಿದ್ದು 2008ರಲ್ಲಿ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದಲೇ ಹೊಸಬರಿಗೆ ಹಳೆಯ ಪಿಂಚಣಿಯ ಬದಲು ಎನ್‌ಪಿಎಸ್, ಅಂದರೆ ಸಂಬಳದಿಂದ ಕಡಿದ ಹಣವನ್ನು ಮಾರುಕಟ್ಟೆಯಲ್ಲಿ ಹೂಡುವ ಪಿಂಚಣಿ ಯೋಜನೆ, ಬಂದಿತ್ತು. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತ. ಸರ್ಕಾರವೂ ತನ್ನ ಪಾಲು ಹಾಕುತ್ತದೆ. ನಿವೃತ್ತಿಯಾದಾಗ ಕನಿಷ್ಠ ಶೇ 40ರಷ್ಟು ಹಣ ಕೊಟ್ಟು ಆನ್ಯುಟಿ, ಅಂದರೆ ತಿಂಗಳು ತಿಂಗಳು ರೊಕ್ಕ ಕೊಡುವ ವಿಮಾ ಕಂಪನಿಯ ಯೋಜನೆ, ಕೊಳ್ಳಬೇಕು. ತಿಂಗಳಿಗೆ ಎಷ್ಟು ಬಂದೀತು? ಅದನ್ನು ಅವತ್ತಿನ ಮಾರುಕಟ್ಟೆ, ಅವತ್ತಿನ ದರ ಹೇಳಬೇಕು. ಅದಕ್ಕೆ ತುಟ್ಟಿಭತ್ಯೆಯೂ ಇಲ್ಲ. ಗಂಟು ದೊಡ್ಡದೇ ಇರಬಹುದು. ಆದರೆ ಎಷ್ಟು ವರ್ಷ ಬದುಕುತ್ತೇವೆ ಅಂತ ಗೊತ್ತಿಲ್ಲದೆ ಗಂಟನ್ನು ಹಂಚಿಕೊಂಡು ತಿನ್ನುವುದು ಹೇಗೆ?

ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ನನಗಿಂತ ಜಾಸ್ತಿ ದುಡಿಯುತ್ತಾಳೆ. ಅವಳ ಸ್ಥಿತಿ ಇನ್ನೂ ಕಷ್ಟ. 2014ರ ಸೆಪ್ಟೆಂಬರಿನ ನಂತರ 15,000 ರೂಪಾಯಿಗಿಂತ ಜಾಸ್ತಿ ವೇತನದ ಮೊದಲ ಕೆಲಸಕ್ಕೆ ಸೇರಿದವರಿಗೆ ಪಿಎಫ್ ಇದೆ, ಅದರ ಜೊತೆಗಿನ ಪಿಂಚಣಿ ಯೋಜನೆ ಇಲ್ಲ. ಈಗಿನ ಹುಡುಗರು ಸುಮ್ನೆ ಖರ್ಚು ಮಾಡ್ತಾರೆ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅಪ್ಪನಿಗೆ ಸಿಕ್ಕ ಭರವಸೆ ಅವಳಿಗೆ ಯಾರೂ ಕೊಟ್ಟಿಲ್ಲ, ಅಲ್ವಾ?

ಕಳೆದ ಸಲ ಅವಳು ಊರಿಗೆ ಬಂದಾಗ ಅಪ್ಪ ಕೂರಿಸಿಕೊಂಡು ಪಿಪಿಎಫ್ ಎಂಬ ಸರ್ಕಾರಿ ಉಳಿತಾಯ ಖಾತೆಯ ಬಗ್ಗೆ ಹೇಳಿದರು. ಅದರ ಅವಧಿ 15 ವರ್ಷ ಅಂದ ಕೂಡಲೇ, "ಅಜ್ಜಾ, ಅಲ್ಲಿತನಕ ನನ್ನ ಕೆಲಸ ಇರಬೇಕಲ್ಲ" ಅಂದಳು. ಆದರೂ ಮೂವರೂ ಅಂಚೆ ಕಚೇರಿಗೆ ಹೋಗಿ ಖಾತೆ ತೆರೆಸಿದೆವು. ಕೆಲಸ ಇಲ್ಲದ ವರ್ಷ 500 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಅಂಥ ವರ್ಷ ಬಂದರೆ ಅದನ್ನು ತಾನೇ ಕಟ್ಟುತ್ತೇನೆ ಅಂತ ಅಪ್ಪ ಹೇಳಿದ್ದಾರೆ.