ಕಾಕಾನ ಬಾವಿ, ಬಿಳಿ ಮಣ್ಣು

ಮಂಗಳವಾರ, 12 ಮಾರ್ಚ್ 2024
ದೆಹಲಿ, ರಾತ್ರಿ 11:40

ಇವತ್ತು ಏನೂ ಸಿಗಲಿಲ್ಲ. ಜರಡಿ ಹಿಡಿದ ಮಣ್ಣಿನ ಮೂರು ತಟ್ಟೆ ಸೂಕ್ಷ್ಮದರ್ಶಕದ ಕೆಳಗೆ ಪೂರ್ತಿ ನೋಡಿದೆ. ಮೀನಿನ ಹುರುಪೆ, ಮೊಸಳೆಯ ಒಂದು ಮುರುಕು ಹಲ್ಲು, ಮತ್ತೆ ಮೀನಿನ ಹುರುಪೆ. ಕಣ್ಣು ಉರಿಯುತ್ತಿದೆ. ಮಲಗಬೇಕು. ಆದರೆ ಸಂಜೆ ಕಾಕಾ ಫೋನ್ ಮಾಡಿದ್ದು ತಲೆಯಿಂದ ಹೋಗುತ್ತಿಲ್ಲ.

"ಯವ್ವಾ, ಊಟ ಆತೇನು?" ಅಂತ ಶುರು ಮಾಡಿದರು. ಕಾಕಾ ಸುಮ್ನೆ ಫೋನ್ ಮಾಡುವವರಲ್ಲ. ಬಾವಿಯ ವಿಷಯ ಅಂತ ಆಗಲೇ ಗೊತ್ತಾಯಿತು. ಕಳೆದ ವರ್ಷ ಮಳೆ ಕೈಕೊಟ್ಟ ಮೇಲೆ ಹೊಲದ ಹಳೇ ಬಾವಿ ಬತ್ತಿದೆ. ಸಂಕ್ರಾಂತಿ ಆದ ಮೇಲೆ ಹೊಸದು ತೋಡಿಸುತ್ತಿದ್ದಾರೆ. ಅದಕ್ಕೆ ಸಾಲ ಬೇರೆ ಆಗಿದೆ.

"ನಲವತ್ತ ಫೂಟ ಆತು. ಬರೇ ಕರಿಕಲ್ಲ. ಮದ್ದ ಹಾರಿಸಿ ಹಾರಿಸಿ ಸಾಕಾತು. ನಿನ್ನಿ ನಡಕ ಬಿಳಿ ಮಣ್ಣ ಬಂತು ನೋಡು. ಪೂರಾ ಮಣ್ಣೂ ಅಲ್ಲ, ಕಲ್ಲೂ ಅಲ್ಲ. ಉಗರಿಲೇ ಕೆರದ್ರ ಬರ್ತೈತಿ. ಮೂರ ಫೂಟ ಇದ್ದೀತು. ಅದರ ಕೆಳಗ ಮತ್ತ ಕರಿಕಲ್ಲ."

ನಾನು ಮೆಟ್ಟಿಲ ಮೇಲೆ ಅಲ್ಲೇ ಕೂತುಬಿಟ್ಟೆ.

ಊರವರಿಗೆ ನಮ್ಮ ಕಡೆಯ ಗೋಕಾಕ ಅಂದರೆ ಫಾಲ್ಸು, ಕರದಂಟು. ಪಳೆಯುಳಿಕೆ ಹುಡುಕುವ ನನ್ನ ಕೆಲಸದವರಿಗೆ ಗೋಕಾಕ ಅಂದರೆ ಹಲ್ಲು. ಭಾರತಥೇರಿಯಂ ಅನ್ನೋ, ಡೈನೋಸಾರ್ ಕಾಲದ ಸಸ್ತನಿ ಪ್ರಾಣಿಯ ಹಲ್ಲು ಸಿಕ್ಕಿರುವ ಕೆಲವೇ ಜಾಗಗಳಲ್ಲಿ ಗೋಕಾಕವೂ ಒಂದು. ಇನ್ನೊಂದು ತೆಲಂಗಾಣದ ನಸ್ಕಲ್. 2007ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದೇ ಪ್ರಾಣಿಗೆ ಹೆಸರಿಟ್ಟವು. ಒಬ್ಬರು ಭಾರತಥೇರಿಯಂ ಅಂದರು, ಇನ್ನೊಬ್ಬರು ದಕ್ಷಿಣಾ ಅಂದರು. ಮೊದಲು ಅಚ್ಚಾದ ಹೆಸರು ಉಳಿಯಿತು. ದಕ್ಷಿಣಾ ಅನ್ನೋದೇ ನನಗೆ ಜಾಸ್ತಿ ಇಷ್ಟ, ಆದರೆ ನಿಯಮ ನಿಯಮವೇ. ಅವರ ಕೈಯಲ್ಲಿ ಆಗ ಇದ್ದದ್ದು ಹತ್ತಕ್ಕೂ ಕಡಿಮೆ ಬಿಡಿ ಹಲ್ಲುಗಳು. ತಲೆಬುರುಡೆ ಇಲ್ಲ, ಕಾಲಿಲ್ಲ, ಬಾಲವಿಲ್ಲ. ಆ ಹಲ್ಲುಗಳಿಂದಲೇ ಇದರ ನೆಂಟರು ಮಡಗಾಸ್ಕರ್‌ನಲ್ಲಿ, ಅರ್ಜೆಂಟೀನಾದಲ್ಲಿ ಇದ್ದರು ಅಂತ ತಿಳಿಯಿತು.

ಹಲ್ಲು ಎತ್ತರ. ಸವೆದರೂ ಬೇಗ ಮುಗಿಯದ ಹಾಗೆ. ಅಂದರೆ ಒರಟು ಮೇವು ತಿನ್ನುತ್ತಿತ್ತು. ಹುಲ್ಲೇ ಇರಬಹುದಾ? 2005ರಲ್ಲಿ ಮಹಾರಾಷ್ಟ್ರದ ಪಿಸ್ದುರಾದ ಡೈನೋಸಾರ್ ಲದ್ದಿಯ ಪಳೆಯುಳಿಕೆಯಲ್ಲಿ ಹುಲ್ಲಿನ ಗುರುತು ಸಿಕ್ಕಿತು. ಅಷ್ಟು ಹಿಂದೆ ಹುಲ್ಲು ಇತ್ತು ಅನ್ನೋದಕ್ಕೆ ಅದಕ್ಕೆ ಮೊದಲು ಗಟ್ಟಿ ಪುರಾವೆ ಇರಲಿಲ್ಲ. ಹಾಗಿದ್ದರೆ ಗೋಕಾಕದ ಈ ಪ್ರಾಣಿಯೂ ಹುಲ್ಲು ಮೇಯ್ದಿರಬಹುದು. ಇದನ್ನು ಯೋಚಿಸಿದಾಗೆಲ್ಲ ನನಗೆ ಹೊಲದ ಬದುವಿನ ಕರಿಕೆ ಕಣ್ಣಮುಂದೆ ಬರುತ್ತದೆ.

ಇಷ್ಟೆಲ್ಲ ಕಾಕಾನಿಗೆ ಹೇಳಲಿಲ್ಲ. "ಆ ಬಿಳಿ ಮಣ್ಣ ಒಂದ ಕಾಲಕ್ಕ ಕೆರಿ ತಳ ಇರಬಹುದು ಕಾಕಾ" ಅಂದೆ. ಕರಿಕಲ್ಲು ಒಂದೇ ಸಲ ಹರಿದದ್ದಲ್ಲ, ಒಂದು ಸಲ ಲಾವಾ ಹರಿದು ತಣ್ಣಗಾದ ಮೇಲೆ ಮಳೆ ಬಂದು ತಗ್ಗಿನಲ್ಲಿ ನೀರು ನಿಂತಿತು, ಕಪ್ಪೆ, ಆಮೆ, ಮೀನು ಬಂದವು, ಗಿಡ ಎದ್ದವು, ಆಮೇಲೆ ಮತ್ತೆ ಲಾವಾ ಬಂದು ಎಲ್ಲವನ್ನೂ ಮುಚ್ಚಿತು ಅಂದೆ. "ಯಾವಾಗ?" ಅಂದರು. ಸುಮಾರು 6.6 ಕೋಟಿ ವರ್ಷದ ಹಿಂದೆ ಅಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಎತ್ತಿನ ಕೊರಳ ಗಂಟೆ ಕೇಳಿಸುತ್ತಿತ್ತು.

"ಹಂಗಾದ್ರ ಅಲ್ಲಿ ನೀರ ಇತ್ತು."

"ಹೌದ್ರಿ."

"ಈಗ ಬರ್ತೈತೇನ ಹೇಳು. ಇನ್ನ ಹತ್ತ ಫೂಟ ಇಳಸೂದೋ, ಬಿಡೂದೋ? ಒಂದ ಒಂದ ಫೂಟಿಗೂ ರೊಕ್ಕ ಐತಿ ಯವ್ವಾ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆ ನೀರು ಸಿಹಿನೀರೋ ಉಪ್ಪುನೀರೋ, ನಿಂತ ನೀರೋ ಹರಿಯುವ ನೀರೋ ಅಂತ ಎಳ್ಳಿಗಿಂತ ಸಣ್ಣ ಚಿಪ್ಪುಗಳನ್ನು ನೋಡಿ ನಾನು ಹೇಳಬಲ್ಲೆ. ಆಸ್ಟ್ರಕಾಡ್ ಅಂತ, ಎರಡು ಚಿಪ್ಪಿನ ಜೀವಿ. ಕಲಬುರಗಿ ಜಿಲ್ಲೆಯ ಇಂಥದೇ ಪದರಗಳಿಂದ ಅವನ್ನು ತೆಗೆದು 2002ರಲ್ಲೇ ಬರೆದಿದ್ದಾರೆ. ದಡದಲ್ಲಿ ಮರಗಳಿದ್ದವು ಅಂತಲೂ ಹೇಳಬಲ್ಲೆ. ನಸ್ಕಲ್‌ನ ಇಲಿಯಷ್ಟು ಪುಟ್ಟ ಡೆಕ್ಕನೊಲೆಸ್ಟಿಸ್ ಅನ್ನೋ ಸಸ್ತನಿಯ ಪಾದದ ಮೂಳೆ ಮರ ಹತ್ತುವ ಪ್ರಾಣಿಯ ಮೂಳೆ. ಅಷ್ಟು ಹಿಂದಿನ ನೀರಿನ ರುಚಿ ಹೇಳುವವಳಿಗೆ ಕಾಕಾನ ಬಾವಿಗೆ ನೀರು ಬರುತ್ತಾ ಅಂತ ಹೇಳಲು ಆಗುವುದಿಲ್ಲ. ಎರಡು ಲಾವಾ ಹರಿವಿನ ನಡುವಿನ ಸಂದಿನಲ್ಲಿ ಕೆಲವು ಕಡೆ ನೀರು ಜಿನುಗುತ್ತದೆ, ಕೆಲವು ಕಡೆ ಆ ಪದರವೇ ನೀರನ್ನು ತಡೆಯುತ್ತದೆ. ಇದನ್ನೇ ಹೇಳಿದೆ. ಭೂಜಲ ನೋಡುವವರನ್ನು ಒಮ್ಮೆ ಕರೆಸಿ ಅಂದೆ. "ಆತು ಬಿಡು" ಅಂದರು. ಆ "ಬಿಡು" ಕೇಳಿ ಸಂಕಟವಾಯಿತು.

ಅಷ್ಟಾದ ಮೇಲೂ ನಾನು ಕೇಳಿಯೇಬಿಟ್ಟೆ. ಮಣ್ಣು ಏನು ಮಾಡುತ್ತೀರಿ ಅಂತ. ನಾಳೆ ಜೆಸಿಬಿ ಬರುತ್ತದೆ, ಗಾಡಿ ದಾರಿಗೆ ಹಾಕಿಸುತ್ತೇವೆ ಅಂದರು.

"ಕಾಕಾ, ಚೆಲ್ಲಬ್ಯಾಡ್ರಿ. ಒಂದೆರಡ ಚೀಲರ ತಗದ ಇಡ್ರಿ."

"ಎರಡ ಯಾಕ, ಹತ್ತ ಚೀಲ ಇಡ್ತೀನಿ. ಗೊಬ್ಬರದ ಚೀಲ ಖಾಲಿ ಅದಾವು. ಏನ ಸಿಗ್ತೈತಿ ಅದರಾಗ?"

"ಹಲ್ಲ ಸಿಗಬಹುದು. ಅಕ್ಕಿನುಚ್ಚಿನಷ್ಟು."

ಕಾಕಾ ನಗಲಿಲ್ಲ. "ಅಷ್ಟ ಸಣ್ಣದು ಹೆಂಗ ಹುಡುಕ್ತಿ?" ಅಂತ ನಿಜವಾಗಿ ತಿಳಿಯಬೇಕು ಅಂತಲೇ ಕೇಳಿದರು. ಹೇಳಿದೆ. ಮಣ್ಣನ್ನು ಚೆನ್ನಾಗಿ ಒಣಗಿಸಬೇಕು. ಸೀಮೆಎಣ್ಣೆಯಲ್ಲಿ ನೆನೆಸಿ ಆಮೇಲೆ ನೀರಿಗೆ ಹಾಕಿದರೆ ಹೆಂಟೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಾಳು ಸರಿಸಿ ನೋಡಬೇಕು. "ನಿಮ್ಮಾಯಿ ಅಕ್ಕಿ ಆರಿಸಿದಂಗ" ಅಂದರು. ಹೌದು, ಹಾಗೇ. ಆಯಿ ಮೊರ ಹಿಡಿದು ಪಡಸಾಲೆಯ ಬೆಳಕಿನಲ್ಲಿ ಕೂರುತ್ತಿದ್ದದ್ದು ನೆನಪಾಗಿ ಗಂಟಲು ಕಟ್ಟಿತು.

ಬಾವಿಯ ಮಣ್ಣಿನ ಬಗ್ಗೆ ನನಗೆ ಇಷ್ಟು ಆತಂಕ ಯಾಕೆ ಅಂದರೆ, ನಮ್ಮ ಕಡೆ ಈ ಪದರಗಳು ಹೊರಗೆ ಕಾಣೋದೇ ಕಡಿಮೆ. ಮೇಲೆ ಎರಿ ಹೊಲ, ಕೆಳಗೆ ಕರಿಕಲ್ಲು. ಯಾರೋ ಬಾವಿ ತೋಡಬೇಕು, ರಸ್ತೆ ಕಡಿಯಬೇಕು. ಆಗ ಕೆಲವು ದಿನ ಆ ಕಾಲ ಬಿಸಿಲಿಗೆ ಬರುತ್ತದೆ. ಆಮೇಲೆ ಕಲ್ಲಿನ ಒಳಗೋಡೆ ಕಟ್ಟುತ್ತಾರೆ. ಕಟ್ಟಲೇಬೇಕು, ಬಾವಿ ನಿಲ್ಲಬೇಕಲ್ಲ. ಹೀಗೆ ಎಷ್ಟು ಬಾವಿಗಳಲ್ಲಿ ಎಷ್ಟು ಹಲ್ಲುಗಳು ಗಾಡಿ ದಾರಿಗೆ ಹೋದವೋ. ಡೆಕ್ಕನೊಲೆಸ್ಟಿಸ್ ಬಗ್ಗೆ 1988ರಲ್ಲಿ ಪ್ರಸಾದ್ ಮತ್ತು ಸಾಹ್ನಿ ಬರೆಯುವ ತನಕ ಭಾರತದಲ್ಲಿ ಡೈನೋಸಾರ್ ಕಾಲದ ಕೊನೆಯ ಒಂದು ಸಸ್ತನಿಯೂ ಸಿಕ್ಕಿರಲಿಲ್ಲ. ಆ ಹೆಸರಿನ ಎರಡನೇ ಭಾಗ ಹಿಸ್ಲೋಪಿ. ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲೋಪ್ ನೆನಪಿಗೆ ಇಟ್ಟದ್ದು. ಈ ಪದರಗಳ ಚಿಪ್ಪು, ಕಾಯಿಗಳನ್ನು ಮೊದಲು ಆರಿಸಿಟ್ಟವರಲ್ಲಿ ಅವರೊಬ್ಬರು. 1863ರಲ್ಲಿ ನೀರಿನಲ್ಲಿ ಮುಳುಗಿ ಹೋದರು.

ಕಾಕಾನ ಬಿಳಿ ಮಣ್ಣು ಬರೀ ಕೊಳೆತ ಕರಿಕಲ್ಲೂ ಇರಬಹುದು. ಹಾಗಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದಕ್ಕೇ ಫೋನ್ ಇಡುವ ಮೊದಲು, ಶಂಖದ ಹುಳದ ಚಿಪ್ಪಿನಂಥದು ಏನಾದರೂ ಇದೆಯಾ ನೋಡಿ, ಫೋಟೋ ಕಳಿಸಿ ಅಂದಿದ್ದೆ. ಆ ಕಾಲದ ಕೆರೆಗಳಲ್ಲಿ ಫೈಸಾ ಅನ್ನೋ ಬಸವನಹುಳು ತುಂಬಾ. ಚೂಪು ತುದಿ ಮೇಲೆ ಮಾಡಿ, ಬಾಯಿ ನಮ್ಮ ಕಡೆ ಇಟ್ಟು ಹಿಡಿದರೆ ಅದರ ಬಾಯಿ ಎಡಕ್ಕಿರುತ್ತದೆ. ಬೇರೆ ಬಸವನಹುಳುಗಳಲ್ಲಿ ಹೆಚ್ಚಿನವಕ್ಕೆ ಬಲಕ್ಕೆ.

ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಕಾಕಾ ಬ್ಯಾಟರಿ ಹಿಡಿದುಕೊಂಡು ಬಾವಿಗೆ ಇಳಿದಿದ್ದಾರೆ, ಆ ಕತ್ತಲಲ್ಲಿ, ಒಬ್ಬರೇ. ಬೈಯಬೇಕು ಅನ್ನಿಸಿತು. ಅಂಗೈ ಮೇಲೆ ಬಿಳಿ ಹೆಂಟೆ, ಪಕ್ಕದಲ್ಲಿ ಅಳತೆಗೆ ಅಂತ ಎರಡು ರೂಪಾಯಿ ನಾಣ್ಯ. ನಾನು ಹೇಳಿಕೊಟ್ಟದ್ದಲ್ಲ, ಅವರಿಗೇ ಹೊಳೆದದ್ದು. ಫೋಟೋ ಅಲುಗಿದೆ. ಹೆಂಟೆಯ ಅಂಚಿನಲ್ಲಿ ಗೋಧಿ ಕಾಳಿನಷ್ಟು ಏನೋ ಇದೆ. ದೊಡ್ಡದು ಮಾಡಿ, ತಿರುಗಿಸಿ ನೋಡುತ್ತಲೇ ಇದ್ದೇನೆ. ಒಂದು ಕಡೆ ಸುರುಳಿ ಇದ್ದ ಹಾಗಿದೆ. ಬಾಯಿ ಎಡಕ್ಕೆ ಅನ್ನಿಸುತ್ತದೆ.

ಅದರ ಕೆಳಗೆ ಕಾಕಾನ ವಾಯ್ಸ್ ಮೆಸೇಜ್. "ಕೈಗೆ ಹಸಿ ಹತ್ತಾಕತ್ತೈತಿ ಯವ್ವಾ. ನೀರ ಅಂತಿ ಏನ?"