ಟೇಬಲ್ ಹತ್ತಿರ ಯಾರು ಬಾಯಿ ಬಿಡಬೇಕು?

ಬೆಂಗಳೂರಿನ ರೆಸ್ಟೋರೆಂಟ್‌ಗಳಲ್ಲಿ ಸರ್ವಿಸ್ ಮಾಡುವವರಲ್ಲಿ ಅಸ್ಸಾಂ, ಮಣಿಪುರ, ಮಿಜೋರಾಂ ಕಡೆಯ ಹುಡುಗರು ಬಹಳ. ನಾನು ಫ್ಲೋರ್ ಮ್ಯಾನೇಜರ್ ಆಗಿರುವ ಕಡೆಯೂ ಹಾಗೇ. ಅವರನ್ನು 'ಏಯ್ ಮೋಮೋ' ಅಂತ ಕರೆಯುವುದು, 'ನಾಯಿ ತಿಂತೀರಂತೆ, ಹೌದಾ?' ಅಂತ ಕೇಳಿ ನಗುವುದು ಹೊಸದೇನಲ್ಲ. ಕೊರೊನಾ ಬಂದಾಗ ಇವರನ್ನು 'ಕೊರೊನಾ' ಅಂತಲೇ ಕರೆದರು. ಇದನ್ನು ತಡೆಯಿರಿ ಅಂತ 2020ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು.

ಒಂದು ಶನಿವಾರ ನಾನು ಮೇಲಿನ ಮಹಡಿಯಲ್ಲಿದ್ದಾಗ ಕೆಳಗೆ ಕಸ್ಟಮರ್ ಟೇಬಲ್ ಒಂದರಲ್ಲಿ ಇದೇ ನಡೆಯಿತು. ಮಣಿಪುರದ ಹುಡುಗ ನಗುತ್ತಲೇ ಆರ್ಡರ್ ಬರೆದುಕೊಂಡನಂತೆ. ಆಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಸರ್ವಿಸ್ ಹುಡುಗರನ್ನು ನೋಡಿಕೊಳ್ಳುವ ಕ್ಯಾಪ್ಟನ್ ಎರಡೇ ಹೆಜ್ಜೆ ದೂರದಲ್ಲಿದ್ದ. "ಅವನೇ ನಗ್ತಿದ್ದ ಸಾರ್, ನಾನ್ಯಾಕೆ ದೊಡ್ಡದು ಮಾಡ್ಲಿ?" ಅಂದ. ಕ್ಯಾಶಿಯರ್, "ಕ್ಯಾಪ್ಟನ್ನೇ ಸುಮ್ನಿದ್ರು, ನಂದೇನಿದೆ?" ಅಂದಳು. ಹುಡುಗ ಹೇಳಿದ್ದು ಬೇರೆ: ಯಾರೂ ಏನೂ ಅನ್ನಲಿಲ್ಲ, ನಗದೆ ಇನ್ನೇನು ಮಾಡಲಿ? ಅವನ ನಗು ನೋಡಿ ಇವರು ಸುಮ್ಮನಾದರು, ಇವರು ಸುಮ್ಮನಿದ್ದಿದ್ದು ನೋಡಿ ಅವನು ನಕ್ಕ.

"ಇನ್ನೊಂದ್ಸಲ ಆದ್ರೆ ಬಿಡಲ್ಲ ಸಾರ್" ಅಂತ ಎಲ್ಲರೂ ಹೇಳಿದರು. ನಾನು ನಂಬಲಿಲ್ಲ. 2009ರಲ್ಲಿ ಟೊರಾಂಟೋದ ಯಾರ್ಕ್ ವಿಶ್ವವಿದ್ಯಾಲಯದ ಕೆರಿ ಕವಾಕಾಮಿ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಬಿಳಿಯನೊಬ್ಬ ಕಪ್ಪು ವರ್ಣದವನ ಬೆನ್ನ ಹಿಂದೆ ಹೀನವಾಗಿ ಮಾತಾಡುತ್ತಾನೆ. ಇದನ್ನು ಬರೀ ಓದಿದವರು, ವಿಡಿಯೋದಲ್ಲಿ ನೋಡಿದವರು 'ನನಗಂತೂ ತುಂಬಾ ಬೇಜಾರಾಗುತ್ತೆ, ಅಂಥವನ ಜೊತೆ ಕೆಲಸ ಮಾಡಲ್ಲ' ಅಂದರು. ಎದುರಿಗೇ ಕೂತು ಕೇಳಿಸಿಕೊಂಡವರಿಗೆ ಅಷ್ಟೇನೂ ಬೇಜಾರಾಗಲಿಲ್ಲ. ಬಹಳ ಜನ ಅವನನ್ನೇ ಜೊತೆಗಾರನಾಗಿ ಆರಿಸಿಕೊಂಡರು! ಬರುತ್ತೆ ಅಂದುಕೊಂಡ ಸಿಟ್ಟು ಆ ಹೊತ್ತಿಗೆ ಬರುವುದೇ ಇಲ್ಲ.

ಹಾಗಾಗಿ ಸಿಟ್ಟಿನ ಲೆಕ್ಕ ಬಿಟ್ಟು ಡ್ಯೂಟಿ ಹಂಚಿದೆ. ಮಾತಾಡಬೇಕಾದವರು ಕ್ಯಾಪ್ಟನ್. ಮಾತೂ ಮೊದಲೇ ರೆಡಿ: "ಸಾರ್, ನಮ್ಮ ಹುಡುಗರ ಹತ್ರ ಹಾಗೆ ಮಾತಾಡ್ಬೇಡಿ. ಆರ್ಡರ್ ನಾನು ತಗೋತೀನಿ." ಹುಡುಗ ನಗಲಿ ಬಿಡಲಿ, ಹೇಳಲೇಬೇಕು. ದಿನಾ ಬ್ರೀಫಿಂಗ್‌ನಲ್ಲಿ ಇದನ್ನು ಒಬ್ಬರ ಕೈಲಿ ಜೋರಾಗಿ ಹೇಳಿಸುತ್ತೇನೆ. ಮೊದಮೊದಲು ಎಲ್ಲರಿಗೂ ನಾಚಿಕೆ. ಕಸ್ಟಮರ್ ಎದ್ದುಹೋದರೆ ಕ್ಯಾಪ್ಟನ್ ಮೇಲೆ ಬರುವುದಿಲ್ಲ ಅಂತ ಓನರ್ ಹತ್ತಿರ ಒಪ್ಪಿಸುವುದೇ ಕಷ್ಟವಾಯಿತು. ಅವರಿಗೆ ಆನ್‌ಲೈನ್ ರೇಟಿಂಗ್‌ನದೇ ಚಿಂತೆ, ತಪ್ಪೂ ಅಲ್ಲ.

ಹೀಗೆ ಹೇಳಿದರೆ ಹೆಚ್ಚಿನ ಕಸ್ಟಮರ್‌ಗಳು "ತಮಾಷೆಗೆ ಅಂದೆ ಕಣ್ರೀ" ಅಂತ ತಣ್ಣಗಾಗುತ್ತಾರೆ. ಕಿಚನ್ ಒಳಗಿನದು ಇನ್ನೂ ಬಗೆಹರಿದಿಲ್ಲ. ಅಲ್ಲಿ ಅನ್ನುವವರು ನಮ್ಮ ಕುಕ್‌ಗಳೇ, ಅಲ್ಲಿ ಕ್ಯಾಪ್ಟನ್ ಮಾತು ನಡೆಯುವುದಿಲ್ಲ. ಯಾರು ಹೇಳಬೇಕು ಅಂತ ಹೆಡ್ ಕುಕ್‌ಗೂ ನನಗೂ ವಾದ ನಡೆದೇ ಇದೆ.